ಎಚ್‌ಐವಿ, ಟಿಬಿ, ಶುಗರ್ ಮೂರೂ ಇದ್ದವರ ಗುಳಿಗಿ ಹೊತ್ತು ಹೆಂಗ ಕೂಡಿಸಬೇಕು?

ಸುರಪುರ_ಸೇವಾ

ನಮಸ್ಕಾರ್ರಿ ಎಲ್ಲರಿಗೂ. ಯಾದಗಿರಿ ಜಿಲ್ಲಾದಾಗ ಎಚ್‌ಐವಿ ಇದ್ದವರ ಮನಿಗಿ ಹೋಗಿ ಗುಳಿಗಿ ಸರಿಯಾಗಿ ತಗೋತಾರೋ ಇಲ್ಲೋ ನೋಡೋ ಕೆಲಸ ನಂದು. ಒಬ್ಬರ ಚೀಟಿ ಮುಂದ ಇಟ್ಕೊಂಡು ಕೇಳ್ಲಾಕತ್ತೀನಿ. ಹೆಸರು, ಊರು ಬರೆಯಂಗಿಲ್ಲ.

ಗಂಡಸು, ವಯಸ್ಸು 46, ತೂಕ 44 ಕೆಜಿ, ಸಿಡಿ4 (ರೋಗ ತಡೆಯೋ ರಕ್ತಕಣದ ಎಣಿಕಿ) 86. ಕಫದಾಗ ಟಿಬಿ ಸಿಕ್ಕದ, ರಿಫಾಂಪಿಸಿನ್ ಅನ್ನೋ ಟಿಬಿ ಔಷಧಿಗೆ ಬಗ್ಗೋ ಸಾದಾ ಟಿಬಿನೇ. ಟಿಬಿ ಗುಳಿಗಿ ಶುರು ಮಾಡಿ ಎರಡು ವಾರ ಆಗ್ಯದ, ಈಗ ಎಆರ್‌ಟಿನೂ (ಎಚ್‌ಐವಿ ಗುಳಿಗಿ) ಕೊಟ್ಟಾರ. ಕಿಡ್ನಿ ತಪಾಸಣಿ ಕ್ರಿಯಾಟಿನಿನ್ 0.9, ಹೆಪಟೈಟಿಸ್ ಬಿ ಇಲ್ಲ, ಕ್ರಿಪ್ಟೋಕಾಕಸ್ ರಕ್ತ ತಪಾಸಣಿ ನೆಗೆಟಿವ್. ಶುಗರ್ ಹಳೇದು. ಅದಕ್ಕ ಖಾಸಗಿ ಡಾಕ್ಟರ್ ಕಡಿಂದ ಮೆಟ್‌ಫಾರ್ಮಿನ್ 500 ದಿನಕ್ಕ ಮೂರು ಸಲ.

ಚೀಲದಾಗ ಈಗ ಇರೋದು: ಟಿಬಿ ಗುಳಿಗಿ ಮುಂಜಾನಿ ಮೂರು, ಬಿ6 ಒಂದು, ಬ್ಯಾರೆ ಸೋಂಕು ಬರದಂಗ ಕೊಡೋ ಕೋಟ್ರಿಮಾಕ್ಸಜೋಲ್ ದೊಡ್ಡದು ಒಂದು, ಎಚ್‌ಐವಿ ಗುಳಿಗಿ ಟಿಎಲ್‌ಡಿ ಒಂದು, ಮತ್ತ ಬ್ಯಾರೆ ಡಬ್ಬಿದಾಗ ಇನ್ನೊಂದು ಎಚ್‌ಐವಿ ಗುಳಿಗಿ ಡೊಲುಟೆಗ್ರಾವಿರ್ 50 ಒಂದು. ಮ್ಯಾಲ ಅಂಗಡಿಯಿಂದ ತಂದ ಗುಲಾಬಿ ಬಣ್ಣದ ಗ್ಯಾಸ್ ಸಿರಪ್.

ಆ ಬ್ಯಾರೆ ಡಬ್ಬಿ ಗುಳಿಗಿ ಅವರು ತಗೋತಿಲ್ಲ. "ಟಿಎಲ್‌ಡಿದಾಗ ಇದ್ದದ್ದೇ ಇದು, ತಪ್ಪಿ ಎರಡು ಸಲ ಕೊಟ್ಟಾರ" ಅಂತಾರ. ಓಣಿದಾಗ ಇನ್ನೊಬ್ಬರು ಟಿಬಿ ಬಂದಾಗ ಒಂದೇ ಗುಳಿಗಿ ತಗೊಂಡಿದ್ರಂತ, ಅದನ್ನೇ ತೋರಿಸ್ತಾರ. ನಂಗ ಬೇಕಾದದ್ದು ಇಷ್ಟು: ಅದು ಖರೇನೇ ಬೇಕೇನು? ಯಾವುದು ಎಷ್ಟು ಗಂಟೆಕ್ಕ? ಕೋಟ್ರಿಮಾಕ್ಸಜೋಲ್ ಎಷ್ಟು ದಿನ? ಶುಗರ್ ಗುಳಿಗಿ ಹಂಗೇ ನಡೀತದೇನು? ಮುಂದಿನ ತಿಂಗಳು ಅವರು ಹೈದರಾಬಾದಿಗಿ ಕಟ್ಟಡ ಕೆಲಸಕ್ಕ ಹೋಗೋರು, ಆವಾಗ ಗುಳಿಗಿ ಹೆಂಗ?

ಬೀದರ್_ಫಾರ್ಮಸಿ

ಅಣ್ಣಾ, ಆ ಬ್ಯಾರೆ ಡಬ್ಬಿ ಗುಳಿಗಿ ಬೇಕೇ ಬೇಕು. ಇವತ್ತೇ ಶುರು ಮಾಡಸ್ರಿ. ಈ ಚೀಲದಾಗ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳೋ ಜಾಗ ಅದೇ.

ಕಾರಣ ಹೇಳ್ತೀನಿ. ಟಿಎಲ್‌ಡಿ ಅಂದ್ರ ಟೆನೊಫೊವಿರ್ 300 ಮಿಗ್ರಾಂ, ಲ್ಯಾಮಿವುಡಿನ್ 300 ಮಿಗ್ರಾಂ, ಡೊಲುಟೆಗ್ರಾವಿರ್ 50 ಮಿಗ್ರಾಂ, ಮೂರೂ ಒಂದೇ ಗುಳಿಗಿದಾಗ. ಟಿಬಿ ಗುಳಿಗಿದಾಗಿನ ರಿಫಾಂಪಿಸಿನ್ ಲಿವರ್‌ದಾಗ ಔಷಧಿ ಕರಗಿಸಿ ಹೊರಗ ಹಾಕೋ ಕಿಣ್ವಗಳನ್ನ ಎಬ್ಬಿಸ್ತದ. ಅವು ಡೊಲುಟೆಗ್ರಾವಿರ್‌ನ ಲಗೂ ಲಗೂ ಕರಗಿಸಿ ಬಿಡ್ತಾವ. ಮುಂಜಾನಿ ತಗೊಂಡ ಗುಳಿಗಿ ಮರುದಿನ ಮುಂಜಾನಿ ತನಕ ರಕ್ತದಾಗ ಸಾಕಷ್ಟು ಉಳಿಯಂಗಿಲ್ಲ, ವೈರಸ್ ಮತ್ತ ಹುಟ್ಟಲಾಕ ಹತ್ತದ. ಹಂಗಾಗಿ 12 ತಾಸಿಗೊಮ್ಮೆ 50 ಮಿಗ್ರಾಂ: ಒಂದು ಹೊತ್ತು ಟಿಎಲ್‌ಡಿ, ಇನ್ನೊಂದು ಹೊತ್ತು ಬರೇ ಡೊಲುಟೆಗ್ರಾವಿರ್. ಟೆನೊಫೊವಿರ್, ಲ್ಯಾಮಿವುಡಿನ್ ದಿನಕ್ಕ ಒಂದೇ ಸಲ ಸಾಕು. ಅದಕ್ಕೇ ಎರಡನೇ ಟಿಎಲ್‌ಡಿ ಕೊಡಂಗಿಲ್ಲ, ಬ್ಯಾರೆ ಡಬ್ಬಿ ಕೊಡ್ತಾರ.

ಓಣಿಯವರು ಹೇಳಿದ್ದೂ ಸುಳ್ಳಲ್ಲ. ಮೊದಲು ನಡೀತಿದ್ದದ್ದು ಟಿಎಲ್‌ಇ, ಅಂದ್ರ ಡೊಲುಟೆಗ್ರಾವಿರ್ ಜಾಗದಾಗ ಎಫಾವಿರೆಂಜ್ 600. ರಿಫಾಂಪಿಸಿನ್ ಜೊತಿ ಅದಕ್ಕ ಡೋಸ್ ಏರಿಸೋದು ಬೇಕಿರಲಿಲ್ಲ. ಹಳೇ ಪೇಷಂಟ್‌ಗಳಿಗಿ ಆ ನೆನಪೇ ಉಳಿದದ. ಇದನ್ನ ಅವರಿಗಿ ಬಿಡಿಸಿ ಹೇಳ್ರಿ, "ತಗೋ ಅಂದ್ರ ತಗೋ" ಅಂತ ಗದರಿಸಿದ್ರ ಗುಳಿಗಿ ಡಬ್ಬಿದಾಗೇ ಉಳೀತದ.

ಇನ್ನೊಂದು ಮಾತು. ಟಿಬಿ ಗುಳಿಗಿ ಮುಗಿದ ದಿನವೇ ಆ ಎರಡನೇ ಡೋಸ್ ನಿಲ್ಲಿಸಂಗಿಲ್ಲ. ರಿಫಾಂಪಿಸಿನ್ ಬಿಟ್ಟ ಮ್ಯಾಲೂ ಆ ಕಿಣ್ವಗಳು ತಣ್ಣಗಾಗಲಾಕ ಎರಡು ವಾರ ಬೇಕು. ಕಡೇ ರಿಫಾಂಪಿಸಿನ್ ಆಗಿ 14 ದಿನ ನಡಸ್ರಿ, ಆಮ್ಯಾಲ ಟಿಎಲ್‌ಡಿ ಒಂದೇ.

ಹೊತ್ತು ಹಿಂಗ ಇಡಬಹುದು. ಮುಂಜಾನಿ ಆರೂವರೆಗೆ ಖಾಲಿ ಹೊಟ್ಟಿಲೇ ಟಿಬಿ ಗುಳಿಗಿ ಮೂರು, ಬಿ6 ಒಂದು. ತಾಸು ಬಿಟ್ಟು ನಾಷ್ಟಾ, ಅದರ ಜೊತಿ ಮೆಟ್‌ಫಾರ್ಮಿನ್. 8 ಗಂಟೆಕ್ಕ ಡೊಲುಟೆಗ್ರಾವಿರ್ 50. ಮಧ್ಯಾಹ್ನ ರೊಟ್ಟಿ ಉಂಡ ಮ್ಯಾಲ ಕೋಟ್ರಿಮಾಕ್ಸಜೋಲ್, ಎರಡು ಗ್ಲಾಸ್ ನೀರಿನ ಜೊತಿ. ರಾತ್ರಿ 8 ಗಂಟೆಕ್ಕ ಟಿಎಲ್‌ಡಿ, ಉಂಡೂ ಆಗ್ತದ, ಉಣ್ಣದೇನೂ ಆಗ್ತದ. ಖಾಲಿ ಹೊಟ್ಟಿಲೇ ಟಿಬಿ ಗುಳಿಗಿ ತಗೊಂಡ್ರ ವಾಂತಿ ಆಗ್ತದ ಅಂದ್ರ ಸ್ವಲ್ಪ ತಿಂದು ತಗೋಳ್ಳಿ, ವಾಂತಿ ಮಾಡಿ ಹೊರಗ ಹಾಕೋದಕ್ಕಿಂತ ಅದು ವಾಸಿ.

ಈಗ ಗುಲಾಬಿ ಸಿರಪ್ಪಿಗಿ ಬರ್ತೀನಿ. ಅದರಾಗ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರ್ತಾವ. ಹೊಟ್ಟಿದಾಗ ಅವು ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದನ್ನ ರಕ್ತಕ್ಕ ಸೇರಲಾಕ ಬಿಡಂಗಿಲ್ಲ. ನಿಯಮ ಏನಂದ್ರ ಡೊಲುಟೆಗ್ರಾವಿರ್ ಆಗಿ 2 ತಾಸು ಕಳೀಬೇಕು, ಇಲ್ಲ ಸಿರಪ್ ಕುಡಿದು 6 ತಾಸು ಕಳೀಬೇಕು. ಇವರಿಗಿ ಮುಂಜಾನಿ 8, ರಾತ್ರಿ 8 ಎರಡು ಹೊತ್ತು ಡೊಲುಟೆಗ್ರಾವಿರ್ ಅದ. ಲೆಕ್ಕ ಹಾಕಿದ್ರ ಹಗಲಿನ್ಯಾಗ ಸಿರಪ್ಪಿಗಿ ಉಳಿಯೋದು 10ರಿಂದ 2 ಗಂಟೆ ತನಕ ಮಾತ್ರ. ಅಷ್ಟು ಗಡಿಯಾರ ನೋಡಿ ಯಾರೂ ಸಿರಪ್ ಕುಡಿಯಂಗಿಲ್ಲ. ಸಿರಪ್ ಬಿಡಿಸ್ರಿ, ಎದೆಯುರಿ ಇದ್ರ ಪ್ಯಾಂಟೊಪ್ರಜೋಲ್ ಬರೆದುಕೊಡಲಾಕ ಡಾಕ್ಟರ್‌ಗೆ ಕೇಳ್ರಿ. ಡೊಲುಟೆಗ್ರಾವಿರ್‌ಗೆ ಅದರಿಂದ ತೊಂದ್ರಿ ಇಲ್ಲ.

ಕಬ್ಬಿಣ, ಕ್ಯಾಲ್ಸಿಯಂ ಗುಳಿಗಿಗೂ ಇದೇ ಜಗಳ, ಆದ್ರ ಊಟದ ಜೊತಿ ಎರಡೂ ಕೂಡೇ ತಗೊಂಡ್ರ ನಡೀತದ. ಯಾರರ ಭಸ್ಮ ಕೊಟ್ಟಾರೇನು ಅಂತಲೂ ಒಮ್ಮೆ ಕೇಳ್ರಿ. ಲೋಹದ ಭಸ್ಮದಾಗ ಕಬ್ಬಿಣ, ಸತು ಇರ್ತಾವ, ಅವೂ ಹಿಂಗೇ ಅಂಟ್ಕೋತಾವ. ಫಿಟ್ಸ್ ಗುಳಿಗಿ ಫೆನಿಟೋಯಿನ್, ಕಾರ್ಬಮಜೆಪಿನ್, ಫೆನೊಬಾರ್ಬಿಟೋನ್ ಇದ್ರ ಮೊದಲೇ ಎಆರ್‌ಟಿ ಕೇಂದ್ರಕ್ಕ ಹೇಳಬೇಕು. ಅವೂ ಡೊಲುಟೆಗ್ರಾವಿರ್ ಇಳಿಸ್ತಾವ.

ಕಲಬುರಗಿ_ವೈದ್ಯ

ಬೀದರ್‌ನವರು ಹೇಳಿದ್ದು ಸರಿಯಾಗಿದೆ. ಶುಗರ್, ಕಿಡ್ನಿ, ಕೋಟ್ರಿಮಾಕ್ಸಜೋಲ್ ಬಗ್ಗೆ ನಾನು ಬರೆಯುತ್ತೇನೆ.

ಮೆಟ್‌ಫಾರ್ಮಿನ್ 500 ಮೂರು ಸಲ ಅಂದರೆ ದಿನಕ್ಕೆ 1500 ಮಿಗ್ರಾಂ. ಡೊಲುಟೆಗ್ರಾವಿರ್ ಜೊತೆಗೆ ಇದು ಹೆಚ್ಚಾಯಿತು. ಮೆಟ್‌ಫಾರ್ಮಿನ್ ಮೂತ್ರದಲ್ಲಿ ಹೊರಹೋಗುವ ದಾರಿಯನ್ನು ಡೊಲುಟೆಗ್ರಾವಿರ್ ತಡೆಯುತ್ತದೆ. ದಿನಕ್ಕೊಮ್ಮೆ 50 ಮಿಗ್ರಾಂ ತೆಗೆದುಕೊಂಡಾಗ ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣ ಸುಮಾರು ಶೇ 79ರಷ್ಟು ಏರುತ್ತದೆ, ಎರಡು ಸಲ ತೆಗೆದುಕೊಂಡಾಗ ಎರಡೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ಇವರು ಈಗ ಎರಡು ಸಲದವರು. ಆದ್ದರಿಂದ ಒಟ್ಟು 1000 ಮಿಗ್ರಾಂ ಮೀರಬಾರದು: ಮುಂಜಾನೆ 500, ರಾತ್ರಿ 500. ಮೆಟ್‌ಫಾರ್ಮಿನ್ ಬರೆದ ಖಾಸಗಿ ಡಾಕ್ಟರಿಗೆ ಎಚ್‌ಐವಿ ವಿಷಯ ಗೊತ್ತಿರಲಾರದು. ಅವರಿಗೆ ಹೇಳಲು ಮನಸ್ಸಿಲ್ಲದಿದ್ದರೆ ಎಆರ್‌ಟಿ ಕೇಂದ್ರದ ವೈದ್ಯಾಧಿಕಾರಿಗೇ ಶುಗರ್ ಚೀಟಿ ತೋರಿಸಿ ಬದಲಿಸಿಕೊಳ್ಳಲಿ. ಬದಲಿಸಿದ ಮೇಲೆ ವಾರಕ್ಕೊಮ್ಮೆಯಾದರೂ ಖಾಲಿ ಹೊಟ್ಟೆಯ ಶುಗರ್ ನೋಡಬೇಕು. ಟಿಬಿ ಇದ್ದಾಗ ಶುಗರ್ ಏರುತ್ತದೆ, ಡೊಲುಟೆಗ್ರಾವಿರ್‌ನಿಂದಲೂ ಕೆಲವರಿಗೆ ಮೊದಲ ತಿಂಗಳುಗಳಲ್ಲಿ ಏರುತ್ತದೆ. ಏರಿದರೆ ಇನ್ಸುಲಿನ್ ಸೇರಿಸುವುದು ಸುರಕ್ಷಿತ ದಾರಿ. ಗ್ಲಿಮೆಪಿರೈಡ್ ಸೇರಿಸಿದರೆ ರಿಫಾಂಪಿಸಿನ್ ಅದರ ಬಲ ಕುಗ್ಗಿಸುತ್ತದೆ, ಟಿಬಿ ಕೋರ್ಸ್ ಮುಗಿದ ಕೂಡಲೇ ಅದೇ ಡೋಸ್ ಹೆಚ್ಚಾಗಿ ಶುಗರ್ ಕುಸಿಯುವ ಅಪಾಯವಿದೆ.

ಕ್ರಿಯಾಟಿನಿನ್ 0.9 ಎಂದು ಸುಮ್ಮನಾಗಬೇಡಿ. ತೆಳ್ಳಗಿನವರಲ್ಲಿ ಆ ಅಂಕಿ ಮೋಸ ಮಾಡುತ್ತದೆ. ಕಿಡ್ನಿ ರಕ್ತ ಶೋಧಿಸುವ ವೇಗದ ಲೆಕ್ಕ ಹೀಗೆ: 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಿ, ಬಂದದ್ದನ್ನು 72 ಮತ್ತು ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಿ. ಹೆಂಗಸರಾದರೆ 0.85ರಿಂದ ಗುಣಿಸಿ. ಇವರಿಗೆ 94 × 44 = 4136, ಅದನ್ನು 64.8ರಿಂದ ಭಾಗಿಸಿದರೆ ಸುಮಾರು 64. ಟೆನೊಫೊವಿರ್ 300ಕ್ಕೆ 50ರ ಮೇಲಿರಬೇಕು, ಸದ್ಯಕ್ಕೆ ಸರಿ. ಆದರೆ ಇದೇ ಮನುಷ್ಯನ ಕ್ರಿಯಾಟಿನಿನ್ 1.2 ಆದರೆ ಉತ್ತರ 48ಕ್ಕೆ ಇಳಿಯುತ್ತದೆ. ಲ್ಯಾಬ್ ಕಾಗದದಲ್ಲಿ ಮಾತ್ರ 1.2ರ ಎದುರು ನಾರ್ಮಲ್ ಎಂದೇ ಇರುತ್ತದೆ. ಆಗ ಟೆನೊಫೊವಿರ್ ಬದಲು ಅಬಾಕಾವಿರ್ ಬೇಕಾಗಬಹುದು. ಇದರಲ್ಲೂ ಒಂದು ಸೂಕ್ಷ್ಮವಿದೆ. ಡೊಲುಟೆಗ್ರಾವಿರ್, ಕೋಟ್ರಿಮಾಕ್ಸಜೋಲ್‌ನಲ್ಲಿರುವ ಟ್ರೈಮೆಥೊಪ್ರಿಮ್ ಎರಡೂ ಕಿಡ್ನಿಗೆ ಹಾನಿ ಮಾಡದೆಯೇ ಕ್ರಿಯಾಟಿನಿನ್ ಅಂಕಿಯನ್ನು 0.1, 0.2ರಷ್ಟು ಏರಿಸುತ್ತವೆ. ಮೊದಲ ತಿಂಗಳಲ್ಲಿ ಸ್ವಲ್ಪ ಏರಿ ಅಲ್ಲೇ ನಿಂತರೆ ಅದು ಇವುಗಳ ಪ್ರಭಾವ, ಪ್ರತಿ ತಪಾಸಣೆಗೂ ಏರುತ್ತಲೇ ಹೋದರೆ ಕಿಡ್ನಿಯದೇ ತೊಂದರೆ. ಒಂದೇ ರಿಪೋರ್ಟ್ ನೋಡಿ ಇದನ್ನು ಹೇಳಲಾಗದು, ಹಳೆಯ ಕಾಗದಗಳನ್ನು ಎಸೆಯದಂತೆ ಹೇಳಿ.

ಕಟ್ಟಡ ಕೆಲಸಕ್ಕೆ ಹೋಗುವವರೆಂದು ಬರೆದಿದ್ದೀರಿ. ಮೈಕೈ ನೋವಿಗೆ ಡೈಕ್ಲೋಫೆನ್ಯಾಕ್ ಸೂಜಿ, ಗುಳಿಗೆ ತೆಗೆದುಕೊಳ್ಳುವುದು ಅಲ್ಲಿ ದಿನನಿತ್ಯದ ಮಾತು. ಟೆನೊಫೊವಿರ್ ಮೇಲೆ ಅದು ಬಿದ್ದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡಬಹುದು. ಬಿಸಿಲಲ್ಲಿ ನೀರು ಕಡಿಮೆ ಕುಡಿದಿದ್ದರೆ ಇನ್ನೂ ಬೇಗ. ನೋವಿಗೆ ಪ್ಯಾರಸಿಟಮಾಲ್ 500 ಸಾಕು. ಅದೂ ಟಿಬಿ ಗುಳಿಗೆ ನಡೆಯುತ್ತಿರುವಾಗ ಕೇಳಿಯೇ ತೆಗೆದುಕೊಳ್ಳಲಿ.

ಕೋಟ್ರಿಮಾಕ್ಸಜೋಲ್ ಬಗ್ಗೆ. ದಿನಕ್ಕೆ 960 ಮಿಗ್ರಾಂ, ಅಂದರೆ ಸಲ್ಫಮೆಥಾಕ್ಸಜೋಲ್ 800, ಟ್ರೈಮೆಥೊಪ್ರಿಮ್ 160. ದೊಡ್ಡ ಗುಳಿಗೆ ಸಿಗದೆ 480ರದ್ದು ಸಿಕ್ಕರೆ ಎರಡು ಗುಳಿಗೆ. ಒಂದನ್ನೇ ನುಂಗಿ ಪೂರ್ತಿ ಆಯಿತೆಂದುಕೊಂಡವರು ಬಹಳ ಜನ. ಇದು ಯಾವ ರೋಗಕ್ಕೆ ಎಂದು ಕೇಳುತ್ತಾರೆ: ಸಿಡಿ4 ಇಳಿದಾಗ ಶ್ವಾಸಕೋಶಕ್ಕೆ ಬರುವ ನ್ಯೂಮೊಸಿಸ್ಟಿಸ್ ನ್ಯುಮೋನಿಯಾ, ಮೆದುಳಿಗೆ ಬರುವ ಟಾಕ್ಸೊಪ್ಲಾಸ್ಮಾ, ಕೆಲವು ಬಗೆಯ ಭೇದಿ, ಇವು ಬರದಂತೆ. ಈಗ ಇರುವ ಯಾವುದೋ ಜಡ್ಡಿಗೆ ಕೊಟ್ಟದ್ದಲ್ಲ. ಅದಕ್ಕೇ "ಆರಾಮ ಅದೀನಿ" ಎಂದು ಬಿಡುವ ಮೊದಲ ಗುಳಿಗೆ ಇದೇ ಆಗಿರುತ್ತದೆ. ಸಿಡಿ4 350ಕ್ಕಿಂತ ಕಡಿಮೆ ಇದ್ದರೆ ಶುರು. ಆರು ತಿಂಗಳ ಅಂತರದಲ್ಲಿ ಎರಡು ಸಲ 350ರ ಮೇಲೆ ಬಂದು, ದೊಡ್ಡ ಸೋಂಕು ಯಾವುದೂ ಇಲ್ಲದಿದ್ದರೆ ಡಾಕ್ಟರ್ ನಿಲ್ಲಿಸುತ್ತಾರೆ. 86ರಿಂದ ಅಲ್ಲಿಗೆ ಏರಲು ಒಂದೆರಡು ವರ್ಷ ಹಿಡಿಯಬಹುದು, ಕೆಲವರಿಗೆ ಇನ್ನೂ ಹೆಚ್ಚು.

ಟಿಬಿ ಗುಳಿಗೆ 35ರಿಂದ 49 ಕೆಜಿಗೆ ಮೂರು, 50ರಿಂದ 64 ಕೆಜಿಗೆ ನಾಲ್ಕು. ಎಆರ್‌ಟಿ ಶುರುವಾದ ಮೇಲೆ ಹಸಿವು ಹೆಚ್ಚಿ ತೂಕ ಬೇಗ ಏರುತ್ತದೆ. ಪ್ರತಿ ತಿಂಗಳು ತೂಗಿ, 50 ದಾಟಿದರೆ ಟಿಬಿ ಘಟಕಕ್ಕೆ ತಿಳಿಸಿ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು. ಕೋರ್ಸ್ ಮುಗಿದ ಮೇಲೆ ಟಿಬಿ ಮರಳದಂತೆ ಐಸೋನಿಯಾಜಿಡ್ 300 ಮಿಗ್ರಾಂ ಆರು ತಿಂಗಳು, ಬಿ6 ಜೊತೆಗೆ. ಇದನ್ನು "ಮತ್ತೆ ಟಿಬಿ ಬಂತು" ಎಂದು ತಿಳಿದು ಹೆದರುವವರಿದ್ದಾರೆ, ಮೊದಲೇ ಹೇಳಿಡಿ.

ಸುರಪುರ_ಸೇವಾ

ಬಾಳ ಉಪಕಾರ ಆಯ್ತು ಸರ್. ಬ್ಯಾರೆ ಡಬ್ಬಿ ವಿಷಯ ತಿಳಿಸಿ ಹೇಳಿದೆ, ಒಪ್ಯಾರ. ಇನ್ನೆರಡು ಮಾತು ಕೇಳೋದದ. ಎದಿ, ಬೆನ್ನಿನ ಮ್ಯಾಲ ಸಣ್ಣ ಸಣ್ಣ ಕೆಂಪು ಗುಳ್ಳಿ ಎದ್ದಾವ, ತುರಿಕಿ ಅದ. ಜ್ವರ ಇಲ್ಲ, ಬಾಯಾಗ ಹುಣ್ಣಿಲ್ಲ, ಕಣ್ಣು ಕೆಂಪಿಲ್ಲ. ಕೋಟ್ರಿಮಾಕ್ಸಜೋಲ್ ಶುರುವಾಗಿ ಹತ್ತು ದಿನ ಆಗಿರಬೇಕು. ಎಲ್ಲಾ ಗುಳಿಗಿ ನಿಲ್ಲಿಸಲೇನು ಅಂತ ಕೇಳ್ಲಾಕತ್ಯಾರ. ಮತ್ತ ಮೂತ್ರ ಕೆಂಪಗ ಬರ್ಲಾಕತ್ಯದ, ಕಾಮಾಲಿ ಇರಬಹುದೇನು ಅಂತ ಮನಿಯವರಿಗಿ ಹೆದರಿಕಿ.

ಕಲಬುರಗಿ_ವೈದ್ಯ

ಎಲ್ಲವನ್ನೂ ತಾವೇ ನಿಲ್ಲಿಸುವುದು ಬೇಡ. ನಾಳೆಯೇ ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಶುರುವಾದ ಎರಡನೇ ವಾರದ ಹೊತ್ತಿಗೆ ಏಳುವ ಗುಳ್ಳೆಗೆ ಮೊದಲ ಅನುಮಾನ ಕೋಟ್ರಿಮಾಕ್ಸಜೋಲ್ ಮೇಲೆಯೇ. ಅದರಲ್ಲಿನ ಸಲ್ಫಾ ಎಚ್‌ಐವಿ ಇದ್ದವರಿಗೆ ಬೇರೆಯವರಿಗಿಂತ ಹೆಚ್ಚಾಗಿ ಒಗ್ಗದು. ಆದರೆ ಟಿಬಿ ಗುಳಿಗೆಯೂ ಹೀಗೆ ಮಾಡಬಲ್ಲದು. ಅದಕ್ಕೇ ಎರಡು ಮೂರು ಔಷಧಿ ಒಂದೇ ದಿನ ಶುರು ಮಾಡದೆ ಕೆಲವು ದಿನಗಳ ಅಂತರ ಇಡುತ್ತಾರೆ. ಒಂದೊಂದೂ ಯಾವ ತಾರೀಖಿಗೆ ಶುರುವಾಯಿತು ಎಂದು ಬರೆದುಕೊಂಡು ಹೋಗಿ, ಡಾಕ್ಟರಿಗೆ ಅದಕ್ಕಿಂತ ಉಪಯೋಗದ ಮಾಹಿತಿ ಬೇರೆ ಇಲ್ಲ.

ತುರಿಕೆ ಮಾತ್ರ ಇದ್ದರೆ ಸೆಟ್ರಿಜಿನ್ ಕೊಟ್ಟು ಗುಳಿಗೆ ಮುಂದುವರಿಸಿ ನೋಡಬಹುದು, ಬಹಳ ಜನಕ್ಕೆ ಅಷ್ಟರಲ್ಲೇ ಇಳಿಯುತ್ತದೆ. ಆದರೆ ಈ ಲಕ್ಷಣಗಳಲ್ಲಿ ಒಂದು ಕಂಡರೂ ಆ ಗಳಿಗೆಗೇ ಕೋಟ್ರಿಮಾಕ್ಸಜೋಲ್ ನಿಲ್ಲಿಸಿ, ರಾತ್ರಿಯಾದರೂ ಸರಿ, ಜಿಲ್ಲಾ ಆಸ್ಪತ್ರೆಗೆ ಹೊರಡಬೇಕು: ಬಾಯಿ, ಕಣ್ಣು ಅಥವಾ ಜನನಾಂಗದಲ್ಲಿ ಹುಣ್ಣು, ನೀರು ತುಂಬಿದ ಬೊಬ್ಬೆ, ಚರ್ಮ ಸುಲಿಯುವುದು, ಗುಳ್ಳೆಯ ಜೊತೆ ಜ್ವರ. ಹಾಗಾದವರಿಗೆ ಸಲ್ಫಾ ಮುಂದೆಂದೂ ಕೊಡುವಂತಿಲ್ಲ. ಚಿಕಿತ್ಸಾ ಪುಸ್ತಕದಲ್ಲಿ ಕೆಂಪು ಅಕ್ಷರದಲ್ಲಿ ಬರೆಸಬೇಕು.

ಗುಳ್ಳೆ ತೀವ್ರವಾಗಿರದೆ, ಗುಳಿಗೆ ಮಾತ್ರ ಒಗ್ಗದಿದ್ದರೆ ಎರಡು ದಾರಿ. ಒಂದು, ಸ್ವಲ್ಪ ಸ್ವಲ್ಪವೇ ಕೊಟ್ಟು ಮೈಗೆ ಒಗ್ಗಿಸುವುದು. ಮೊದಲ ದಿನ ಸಿರಪ್ 2 ಮಿಲೀ, ಮರುದಿನ 4, ಆಮೇಲೆ 6, 8, ಐದನೇ ದಿನ 480ರ ಒಂದು ಗುಳಿಗೆ, ಆರನೇ ದಿನದಿಂದ ಎರಡು. ಹಿಂದಿನ ದಿನದಿಂದಲೇ ಅಲರ್ಜಿ ಗುಳಿಗೆ ಶುರು ಮಾಡಿರುತ್ತಾರೆ. ಇದನ್ನು ಡಾಕ್ಟರ ಕಣ್ಣೆದುರೇ ಮಾಡಬೇಕು, ಮನೆಯಲ್ಲಿ ಅಲ್ಲ. ಇನ್ನೊಂದು, ಬದಲಿಗೆ ಡ್ಯಾಪ್ಸೋನ್ 100 ಮಿಗ್ರಾಂ ದಿನಕ್ಕೊಂದು. ಕೊಡುವ ಮೊದಲು ಜಿ6ಪಿಡಿ ರಕ್ತಪರೀಕ್ಷೆ ಆಗಬೇಕು. ಆ ಕಿಣ್ವ ಕಡಿಮೆ ಇದ್ದವರಿಗೆ ಡ್ಯಾಪ್ಸೋನ್ ಕೊಟ್ಟರೆ ರಕ್ತಕಣ ಒಡೆದು ದಿಢೀರನೆ ರಕ್ತಹೀನತೆ ಬರುತ್ತದೆ. ಡ್ಯಾಪ್ಸೋನ್ ಒಂದೇ ಟಾಕ್ಸೊಪ್ಲಾಸ್ಮಾವನ್ನು ಚೆನ್ನಾಗಿ ತಡೆಯುವುದೂ ಇಲ್ಲ. ಅದಕ್ಕೇ ಸುಮ್ಮನೆ ತುರಿಕೆಗಾಗಿ ಕೋಟ್ರಿಮಾಕ್ಸಜೋಲ್ ಬಿಡಿಸಲು ನಾವು ಹಿಂಜರಿಯುವುದು.

ಮೂತ್ರ ಕೆಂಪಗೆ ಬರುವುದು ರಿಫಾಂಪಿಸಿನ್ ಬಣ್ಣ. ಬೆವರು, ಕಣ್ಣೀರಿಗೂ ಆ ಬಣ್ಣ ಬರುತ್ತದೆ, ತೊಂದರೆ ಇಲ್ಲ. ಆದರೆ ಇದರಿಂದಾಗಿ ಕಾಮಾಲೆ ಬಂದರೆ ಮೂತ್ರ ನೋಡಿ ತಿಳಿಯುವಂತಿಲ್ಲ. ಬಿಸಿಲಿಗೆ ನಿಲ್ಲಿಸಿ ಕೆಳರೆಪ್ಪೆ ಇಳಿಸಿ ಕಣ್ಣಿನ ಬಿಳಿ ಭಾಗ ನೋಡಿ, ಟ್ಯೂಬ್‌ಲೈಟ್ ಬೆಳಕಲ್ಲಿ ಹಳದಿ ಗೊತ್ತಾಗುವುದಿಲ್ಲ. ನಿನ್ನೆ ಎರಡು ರೊಟ್ಟಿ ಉಂಡವರು ಇವತ್ತು ಅನ್ನದ ವಾಸನೆಗೇ ಓಕರಿಸಿದರೆ, ಬಲಪಕ್ಕೆಲುಬಿನ ಕೆಳಗೆ ನೋವೆಂದರೆ, ಅವತ್ತೇ ಲಿವರ್ ರಕ್ತಪರೀಕ್ಷೆ. ಸಿಂದಿ, ಸಾರಾಯಿ ಈ ಆರು ತಿಂಗಳು ಪೂರ್ತಿ ಬಂದ್.

ಇನ್ನೊಂದನ್ನು ನೀವು ಕೇಳಿಲ್ಲ, ಆದರೆ ಸಿಡಿ4 86 ಇರುವವರಿಗೆ ಹೇಳಲೇಬೇಕು. ಎಆರ್‌ಟಿ ಶುರುವಾದ ಮೊದಲ ಮೂರು ತಿಂಗಳಲ್ಲಿ ಇಳಿದಿದ್ದ ಜ್ವರ ಮತ್ತೆ ಬರಬಹುದು, ಕುತ್ತಿಗೆಯಲ್ಲಿ ಗಂಟು ಊದಬಹುದು, ಕೆಮ್ಮು ಹೆಚ್ಚಬಹುದು. ಮಲಗಿದ್ದ ರೋಗನಿರೋಧಕ ಶಕ್ತಿ ಎದ್ದು ಟಿಬಿ ರೋಗಾಣುಗಳ ಮೇಲೆ ಒಮ್ಮೆಲೇ ಬೀಳುವುದರಿಂದ ಹೀಗಾಗುತ್ತದೆ. ಮನೆಯವರಿಗೆ ಮಾತ್ರ "ಗುಳಿಗೆಯಿಂದಲೇ ಜಡ್ಡು ಜಾಸ್ತಿಯಾಯಿತು" ಎಂದು ಕಾಣುತ್ತದೆ, ಗುಳಿಗೆ ಬಿಡಿಸಿ ನಾಟಿ ವೈದ್ಯರ ಕಡೆ ಹೊರಡುವುದು ಇದೇ ಹೊತ್ತಿನಲ್ಲಿ. ಎಆರ್‌ಟಿ, ಟಿಬಿ ಗುಳಿಗೆ ಎರಡನ್ನೂ ಬಿಡದೆ ಡಾಕ್ಟರಿಗೆ ತೋರಿಸಬೇಕು, ಬೇಕಾದರೆ ಅವರು ಸ್ಟೀರಾಯ್ಡ್ ಕೊಡುತ್ತಾರೆ. ತಲೆನೋವು ಬಿಡದೆ ವಾಂತಿ ಶುರುವಾದರೆ, ಕುತ್ತಿಗೆ ಬಿಗಿದರೆ, ಮಾತು ತೊದಲಿದರೆ ಕಾಯಬೇಡಿ. ಮೆದುಳಿನ ಪೊರೆಯ ಟಿಬಿ ಇರಬಹುದು, ಬೆನ್ನುಹುರಿ ನೀರು ತೆಗೆದು ನೋಡಬೇಕಾಗುತ್ತದೆ.

ಆಪ್ತಮಾತು_ಕಲ್ಬುರ್ಗಿ

ಹೈದರಾಬಾದ್ ವಿಷಯ ನಾ ಹೇಳ್ತೀನ್ರಿ. ಗುಳೆ ಹೋಗೋರು ಗುಳಿಗಿ ಬಿಡೋದು ಹೆಚ್ಚಾಗಿ ಎರಡೇ ಕಾರಣಕ್ಕ: ಡಬ್ಬಿ ಮುಗೀತು, ಇಲ್ಲ ಜೊತಿಗಿದ್ದವರ ಕಣ್ಣಿಗಿ ಬಿದ್ದೀತು ಅಂತ.

ಹೋಗೋ ಮೊದಲು ಎಆರ್‌ಟಿ ಕೇಂದ್ರಕ್ಕ ಬಂದು ಎಲ್ಲಿಗಿ, ಎಷ್ಟು ತಿಂಗಳಿಗಿ ಅಂತ ಹೇಳಬೇಕು. ಟಿಬಿ ಇದ್ದವರಿಗಿ, ಈಗಷ್ಟೇ ಶುರು ಮಾಡಿದವರಿಗಿ ಮೂರು ತಿಂಗಳ ಗುಳಿಗಿ ಒಮ್ಮೆಲೇ ಸಿಗೋದು ಕಷ್ಟ, ತಿಂಗಳಿಗೊಮ್ಮೆ ತಪಾಸಣಿ ಬೇಕಾಗ್ತದ. ಹಂಗಾಗಿ ಎಆರ್‌ಟಿ ಕೇಂದ್ರದ ಹಸಿರು ಚಿಕಿತ್ಸಾ ಪುಸ್ತಕ ಕೈಯಾಗ ಇರಲಿ. ಸ್ವಲ್ಪ ದಿನದ ಮಾತಾದ್ರ ಅದನ್ನ ತೋರಿಸಿ ದೇಶದ ಯಾವ ಸರ್ಕಾರಿ ಎಆರ್‌ಟಿ ಕೇಂದ್ರದಾಗಾದ್ರೂ ಪುಕಟ್ ಗುಳಿಗಿ ತಗೋಬಹುದು, ಹೆಸರು ಇಲ್ಲೇ ಇರ್ತದ. ವರ್ಷಗಟ್ಟಲೆ ಅಲ್ಲೇ ಇರೋದಾದ್ರ ವರ್ಗಾವಣಿ ಬರೆಸಿಕೊಂಡು ಹೋಗೋದು ಚಲೋ. ಟಿಬಿ ಗುಳಿಗಿಗಿ ನಿಕ್ಷಯ್ (ಸರ್ಕಾರದ ಟಿಬಿ ದಾಖಲಾತಿ) ನಂಬರ್ ಬ್ಯಾರೆ ಅದ, ಅದನ್ನೂ ವರ್ಗ ಮಾಡಿಸಬೇಕು. ಎಆರ್‌ಟಿ ವರ್ಗ ಆದ್ರ ಟಿಬಿನೂ ಆಯ್ತು ಅಂತ ತಿಳ್ಕೊಂಡು ಕೈ ಸುಟ್ಕೋತಾರ. ಹತ್ತಿರದ ಕೇಂದ್ರ ಎಲ್ಲದ ಅಂತ ತಿಳೀಲಿಲ್ಲಂದ್ರ ಎಚ್‌ಐವಿ ಸಹಾಯವಾಣಿ 1097ಕ್ಕ ಫೋನ್ ಹಚ್ಚಿ ಕೇಳ್ರಿ, ದುಡ್ಡು ಬೀಳಂಗಿಲ್ಲ.

ಡಬ್ಬಿ ಬಗ್ಗೆ ಒಂದು ಮಾತು ಗಟ್ಟಿ ಹೇಳ್ತೀನಿ. ಹೆಸರು ಕಾಣಬಾರದು ಅಂತ ಗುಳಿಗಿ ಬಿಚ್ಚಿ ಪ್ಲಾಸ್ಟಿಕ್ ಚೀಲದಾಗ ಹಾಕ್ತಾರ. ಡಬ್ಬಿ ಒಳಗ ಸಣ್ಣ ಪುಡಿ ಪೊಟ್ಟಣ ಇರ್ತದಲ್ಲ, ಅದು ತೇವ ಹೀರೋದು. ಅದರಿಂದ ಬ್ಯಾರೆ ಮಾಡಿದ್ರ ಗುಳಿಗಿ ಮೆತ್ತಗಾಗಿ ಬೆರಳಿಗಿ ಅಂಟ್ತದ, ಮ್ಯಾಲಿನ ಬಣ್ಣದ ಪದರು ಕಿತ್ತು ಬರ್ತದ. ಅಂಥ ಗುಳಿಗಿ ನುಂಗಬ್ಯಾಡ್ರಿ, ಕೇಂದ್ರಕ್ಕ ತಂದು ಬದಲಿಸಿಕೊಳ್ರಿ. ಪೂರಾ ಡಬ್ಬಿನೇ ಪೊಟ್ಟಣ ಸಮೇತ ಸ್ಟೀಲ್ ಡಬ್ಬಿದಾಗ ಇಟ್ಟು ಬಟ್ಟಿ ಚೀಲದ ನಡು ಇಡ್ರಿ. ಔಷಧಿ 30 ಡಿಗ್ರಿ ಒಳಗ ಇರಬೇಕು. ನಮ್ಮ ಕಡಿ ಬ್ಯಾಸಿಗಿದಾಗ 40 ದಾಟ್ತದ, ಪತ್ರಾಸ್ ಶೆಡ್ಡಿನಾಗ ಇನ್ನೂ ಹೆಚ್ಚು. ಗ್ವಾಡಿ ಬುಡಕ್ಕ, ನೆಲದ ಮ್ಯಾಲ, ನೆರಳಿನ ಕಡಿ ಇಡ್ರಿ. ತಂಪಿರ್ತದ ಅಂತ ನೀರಿನ ಗಡಿಗಿ ಬಾಜೂಕ ಇಡಬ್ಯಾಡ್ರಿ, ಅಲ್ಲಿ ತೇವ. ಲಾರಿ, ಟೆಂಪೊ ಮುಂದಿನ ಗಾಜಿನ ಕೆಳಗಂತೂ ಬ್ಯಾಡೇ ಬ್ಯಾಡ.

ಜೊತಿಯವರು ಕೇಳಿದ್ರ ಶುಗರ್ ಗುಳಿಗಿ ಅನ್ನಲಿ, ಇವರಿಗಿ ಶುಗರ್ ಅದ, ಸುಳ್ಳೂ ಆಗಂಗಿಲ್ಲ. ಮಾಲಕಗ, ಮೇಸ್ತ್ರಿಗ ಎಚ್‌ಐವಿ ವಿಷಯ ಹೇಳೋ ಕಟ್ಟು ಇಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ದಿಂದ ಜಾರಿ ಅದ. ಅವರ ಒಪ್ಪಿಗಿ ಇಲ್ಲದ ವಿಷಯ ಬಯಲು ಮಾಡಂಗಿಲ್ಲ, ಇದೇ ಕಾರಣಕ್ಕ ಕೆಲಸದಿಂದ ತೆಗೆಯಂಗೂ ಇಲ್ಲ.

ಹೊತ್ತು ತಪ್ಪಿದ್ರ: ನೆನಪಾದ ಕೂಡಲೇ ತಗೋಬೇಕು. ಮುಂದಿನ ಡೋಸಿಗಿ 4 ತಾಸಿನ ಒಳಗ ಉಳಿದಿದ್ರ ತಪ್ಪಿದ್ದು ಬಿಟ್ಟು ಮುಂದಿಂದು ತಗೋಬೇಕು. ಎರಡು ಕೂಡಿಸಿ ನುಂಗಬಾರದು. ಮೊಬೈಲ್‌ದಾಗ 8 ಮತ್ತ 8ಕ್ಕ ಅಲಾರಂ ಇಟ್ಟುಕೊಟ್ರ ಅರ್ಧ ಕೆಲಸ ಆದಂಗ. ರಂಜಾನ್ ಉಪವಾಸ ಹಿಡಿಯೋರಿಗಿ ಟಿಎಲ್‌ಡಿ ಒಂದೇ ಇದ್ದಾಗ ಇಫ್ತಾರಿಗೋ ಸಹರಿಗೋ ಒಂದೇ ಹೊತ್ತಿಗಿ ಕಟ್ಟಿಕೊಂಡ್ರ ನಡೀತದ. ಟಿಬಿ, ಶುಗರ್ ಎರಡೂ ಇದ್ದಾಗ ಉಪವಾಸದ ಮಾತು ಡಾಕ್ಟರ್ ಜೊತಿ ಆಡಿ ಮುಂದ ಹೋಗಬೇಕು.

ಹೆಂಡತಿ, ಮಕ್ಕಳ ತಪಾಸಣಿ ಆಗ್ಯದೇನು? ಅವರಿಗಿ ಎಚ್‌ಐವಿ ಜೊತಿ ಟಿಬಿನೂ ನೋಡಬೇಕು.

ಸುರಪುರ_ಸೇವಾ

ಅಕ್ಕಾ, ಹೆಂಡತಿದು ಎಚ್‌ಐವಿ ನೆಗೆಟಿವ್ ಬಂದದ. ಮನಿಯಾಗ ನಾಲ್ಕು ವರ್ಷದ ಕೂಸು ಅದ, ಅದರದೂ ನೆಗೆಟಿವ್. ಕೂಸಿಗಿ ಕೆಮ್ಮಿಲ್ಲ, ಜ್ವರ ಇಲ್ಲ. ಕೆಮ್ಮೇ ಇಲ್ಲದ ಕೂಸಿಗೂ ಟಿಬಿ ಗುಳಿಗಿ ಹಾಕ್ತಾರೇನು? ಮತ್ತ ಗಂಡ ಹೆಂಡತಿ ಕೂಡಿ ಇರಬಹುದೇನು ಅಂತ ಆಕಿ ಸಂಕೋಚದಿಂದ ಕೇಳಿದ್ರು.

ಕಲಬುರಗಿ_ವೈದ್ಯ

ಐದು ವರ್ಷದೊಳಗಿನ ಮಗು, ಮನೆಯಲ್ಲಿ ಕಫದ ಟಿಬಿ ಇರುವವರು. ಕೆಮ್ಮಿಲ್ಲದಿದ್ದರೂ ಆ ಮಗುವಿಗೆ ಟಿಬಿ ತಡೆಯುವ ಚಿಕಿತ್ಸೆ ಬೇಕು. ಮೊದಲು ಮಗುವನ್ನು ತೂಗಿಸಿ, ಜ್ವರ, ಕೆಮ್ಮು, ತೂಕ ಏರದಿರುವುದು, ಕುತ್ತಿಗೆ ಗಂಟು ಇಲ್ಲವೆಂದು ಡಾಕ್ಟರ್ ಖಚಿತ ಮಾಡುತ್ತಾರೆ. ಟಿಬಿ ಇಲ್ಲವೆಂದಾದರೆ ಐಸೋನಿಯಾಜಿಡ್ ಕೆಜಿಗೆ 10 ಮಿಗ್ರಾಂ ಲೆಕ್ಕದಲ್ಲಿ ಆರು ತಿಂಗಳು. ಟಿಬಿ ಇರುವ ಮಗುವಿಗೆ ಅದೊಂದನ್ನೇ ಕೊಟ್ಟರೆ ರೋಗಾಣು ಐಸೋನಿಯಾಜಿಡ್‌ಗೆ ಜಗ್ಗದಂತಾಗುತ್ತದೆ, ಆದ್ದರಿಂದ ಆ ತಪಾಸಣೆಯನ್ನು ಬಿಡುವಂತಿಲ್ಲ. ತಾಯಿಗೂ ಎಕ್ಸ್‌ರೇ ಮಾಡಿಸಿ ಅದೇ ರೀತಿ ನೋಡಬೇಕು.

ತಾಯಿಯ ಎಚ್‌ಐವಿ ಪರೀಕ್ಷೆ ಮೂರು ತಿಂಗಳಿಗೆ ಮತ್ತೊಮ್ಮೆ ಆಗಬೇಕು. ಕೂಡಿ ಇರಬಹುದು, ಆದರೆ ಸದ್ಯಕ್ಕೆ ಪ್ರತಿ ಸಲವೂ ಕಾಂಡೋಮ್. ಕಾಂಡೋಮ್ ಹರಿದರೆ, ಜಾರಿದರೆ ಆದಷ್ಟು ಬೇಗ, ತಡವೆಂದರೂ 72 ತಾಸಿನೊಳಗೆ ಆಸ್ಪತ್ರೆಗೆ ಬರಬೇಕು, 28 ದಿನಗಳ ತಡೆ ಗುಳಿಗೆ ಕೊಡುತ್ತಾರೆ. ಎಆರ್‌ಟಿ ಶುರುವಾದ ಆರು ತಿಂಗಳಿಗೆ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಎಣಿಕೆ) ನೋಡುತ್ತಾರೆ, ಆಮೇಲೆ 12ನೇ ತಿಂಗಳು, ಮುಂದೆ ವರ್ಷಕ್ಕೊಮ್ಮೆ. ಅದು 1000ಕ್ಕಿಂತ ಹೆಚ್ಚು ಬಂದರೆ ಗುಳಿಗೆ ಎಲ್ಲಿ ತಪ್ಪುತ್ತಿದೆ ಎಂದು ಕೂತು ಮಾತಾಡಿ ಮೂರು ತಿಂಗಳಿಗೆ ಮತ್ತೆ ನೋಡುತ್ತಾರೆ, ಒಂದೇ ರಿಪೋರ್ಟಿಗೆ ಔಷಧಿ ಬದಲಿಸುವುದಿಲ್ಲ. 200ರ ಕೆಳಗೆ ಇಳಿದು ಅಲ್ಲೇ ನಿಂತರೆ ಸಂಭೋಗದಿಂದ ಹೆಂಡತಿಗೆ ಹರಡುವುದಿಲ್ಲ. ಇದನ್ನು ಆ ತಾಯಿಗೆ ನೀವೇ ಎದುರು ಕೂತು ಹೇಳಿ. ಗಂಡನ ಎಂಟು ಗಂಟೆಯ ಗುಳಿಗೆಯನ್ನು ಹೈದರಾಬಾದಿನವರೆಗೂ ಫೋನ್ ಮಾಡಿ ನೆನಪಿಸುವವರು ಅವರೇ ಆಗುತ್ತಾರೆ.